ಅಂಗಡಿಯ ಗಡಿಯಾರ ನೋಡಿ ಹೊರಡಿ

(ದಾವಣಗೆರೆಯಲ್ಲಿ ಕಂಪನಿಗಳ ಮಾಲನ್ನು ಅಂಗಡಿಗಳಿಗೆ ತಲುಪಿಸುವ ವಿತರಕರ ಬಳಿ ಕೆಲಸ ಮಾಡುವ ಸೇಲ್ಸ್‌ಮನ್‌ಗಳ ಮುಂದೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಮಯ ನಿರ್ವಹಣೆ ಅಂತ ವಿಷಯ ಕೊಟ್ಟಿದ್ದಾರೆ. ಈ ಹೆಸರಿನ ತರಬೇತಿಗಳಲ್ಲಿ ನಾನೂ ಕೂತು ಎದ್ದಿದ್ದೇನೆ. ಬೋರ್ಡಿನ ಮೇಲೆ ಒಂದು ಚೌಕ ಬರೆದು ನಾಲ್ಕು ಮನೆ ಮಾಡುತ್ತಾರೆ. ತುರ್ತಿನದು ಒಂದು ಕಡೆ, ಮುಖ್ಯವಾದದ್ದು ಒಂದು ಕಡೆ. ಆಮೇಲೆ ಬೆಳಿಗ್ಗೆ ಐದಕ್ಕೆ ಏಳಿ ಅನ್ನುತ್ತಾರೆ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಅದು ಸರಿ ಇರಬಹುದು. ನೀವು ಐದಕ್ಕೆ ಎದ್ದರೂ ಮಂಡಿಪೇಟೆಯ ಅಂಗಡಿಯವರು ಬಾಗಿಲು ತೆಗೆಯುವುದು ಅವರಿಗೆ ಬೇಕಾದಾಗಲೇ, ಅಲ್ವಾ?

ನಮ್ಮ ಕೆಲಸದ ತೊಂದರೆ ಅಲ್ಲೇ ಇದೆ. ನಮ್ಮ ಸಮಯ ನಮ್ಮ ಕೈಯಲ್ಲಿಲ್ಲ, ಅಂಗಡಿಯವರ ಕೈಯಲ್ಲಿದೆ. ಅವರು ನಮ್ಮ ಮಾತು ಕೇಳಿ, ರ‍್ಯಾಕ್ ಕಡೆ ಒಂದು ಸಲ ನೋಡಿ, ಯೋಚಿಸಿ ಆರ್ಡರ್ ಹೇಳುವಷ್ಟು ಪುರಸೊತ್ತು ಇರುವುದು ದಿನಕ್ಕೆ ಐದು, ಐದೂವರೆ ಗಂಟೆ. ಆ ಹೊತ್ತನ್ನು ಬೇರೆ ಯಾವುದಕ್ಕೂ ಬಿಟ್ಟುಕೊಡದೆ ಇರುವುದೇ ನಮ್ಮ ಸಮಯ ನಿರ್ವಹಣೆ. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ. ಹಾಗಾಗಿ ನಿಮ್ಮ ಸಮಯದ ಬಗ್ಗೆ ಕಮ್ಮಿ, ಅಂಗಡಿಯವರ ಸಮಯದ ಬಗ್ಗೆ ಜಾಸ್ತಿ ಮಾತಾಡುತ್ತೇನೆ.

ಮೊದಲು ಒಂದು ಲೆಕ್ಕ ಹಾಕೋಣ. ಫೋನ್ ತೆಗೆಯಬೇಡಿ, ಬಾಯಲ್ಲೇ ಆಗುತ್ತದೆ.

ನಿಮ್ಮ ಬೀಟ್‌ನಲ್ಲಿ ಅಂದರೆ ನೀವು ಸುತ್ತುವ ದಾರಿಯಲ್ಲಿ, ದಿನಕ್ಕೆ 40 ಅಂಗಡಿ ಅಂತ ಇಟ್ಟುಕೊಳ್ಳಿ. ಒಂದೊಂದಕ್ಕೆ 8 ನಿಮಿಷ ಕೊಟ್ಟರೆ 320 ನಿಮಿಷ. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗಿ, ಗಾಡಿಗೆ ಸ್ಟ್ಯಾಂಡ್ ಹಾಕಿ, ಬ್ಯಾಗಿನಿಂದ ಟ್ಯಾಬ್ ತೆಗೆಯುವುದಕ್ಕೆ 2 ನಿಮಿಷ. ಅದು 80. ಒಟ್ಟು 400 ನಿಮಿಷ ಬೇಕು. ಈಗ ಸಿಗುವ ಹೊತ್ತು ನೋಡಿ. ಬೆಳಿಗ್ಗೆ 10ರಿಂದ ಮಧ್ಯಾಹ್ನ ಒಂದೂವರೆವರೆಗೆ 210 ನಿಮಿಷ. ಮಧ್ಯಾಹ್ನ ಊಟಕ್ಕೆ ಅರ್ಧ ಊರೇ ಶಟರ್ ಎಳೆಯುತ್ತದೆ. ಮತ್ತೆ 4ಕ್ಕೆ ಶುರು ಮಾಡಿದರೆ 6 ಗಂಟೆಗೆ ಗಿರಾಕಿಗಳ ಗಲಾಟೆ ಶುರು. ಅದು 120 ನಿಮಿಷ. ಒಟ್ಟು 330. ಬೇಕಾಗಿದ್ದು 400, ಇರುವುದು 330. ನೀವು ಎಷ್ಟೇ ಚುರುಕಾಗಿ ಓಡಾಡಿದರೂ 70 ನಿಮಿಷ ಸಾಲುವುದಿಲ್ಲ.

ಬಹಳ ಜನ ಏನು ಮಾಡುತ್ತಾರೆ? ಮೊದಲ 25 ಅಂಗಡಿಗೆ ಆರಾಮಾಗಿ ಹೋಗುತ್ತಾರೆ. ಕೊನೆಯ 15 ಅಂಗಡಿಗೆ ಗಾಡಿಯಿಂದ ಇಳಿಯದೇ "ಅಣ್ಣಾ, ಏನಾದ್ರೂ ಇತ್ತಾ?" ಅಂತ ಕೂಗಿ ಮುಂದೆ ಹೋಗುತ್ತಾರೆ. ಏನಾದ್ರೂ ಇತ್ತಾ ಅಂತ ಕೇಳಿದರೆ "ಏನಿಲ್ಲ" ಅಂತಲೇ ಉತ್ತರ ಬರುತ್ತದೆ. ಟ್ಯಾಬ್‌ನಲ್ಲಿ ಕಾಲ್, ಅಂದರೆ ಭೇಟಿ, ಆಯಿತು ಅಂತ ಬೀಳುತ್ತದೆ, ಬಿಲ್ ಆಗಿರುವುದಿಲ್ಲ.

ಎಲ್ಲರಿಗೂ 8 ನಿಮಿಷ ಕೊಡುವ ಯೋಚನೆ ಬಿಡಿ. 10 ಅಂಗಡಿಗೆ 12 ನಿಮಿಷ, 18 ಅಂಗಡಿಗೆ 5 ನಿಮಿಷ, ಉಳಿದ 12 ಅಂಗಡಿಗೆ 3 ನಿಮಿಷ. 120, 90, 36. ಕೂಡಿದರೆ 246. ಓಡಾಟದ 80 ಸೇರಿಸಿದರೆ 326. ನಾಲ್ಕು ನಿಮಿಷ ಉಳಿಯಿತು, ಚಹಾ ಕುಡಿಯಿರಿ.

12 ನಿಮಿಷದ ಅಂಗಡಿ ಯಾವುದು ಅನ್ನುವುದೇ ಇಲ್ಲಿ ಮುಖ್ಯ. ತಕ್ಷಣ ಬರುವ ಉತ್ತರ: ದೊಡ್ಡ ಅಂಗಡಿ. ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೊ ಹೆಸರಿನ 80-20 ಸೂತ್ರವನ್ನು ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ವ್ಯಾಪಾರದ 80 ಪರ್ಸೆಂಟ್ ಬರುವುದು 20 ಪರ್ಸೆಂಟ್ ಗಿರಾಕಿಗಳಿಂದ, ಅವರಿಗೇ ಸಮಯ ಕೊಡಿ ಅಂತ. ಪರೇಟೊ ಲೆಕ್ಕ ಹಾಕಿದ್ದು ದೇಶದ ಸಂಪತ್ತು ಯಾರ ಕೈಯಲ್ಲಿದೆ ಅಂತ. ಅದನ್ನು ಅಂಗಡಿಗೆ ತಂದು ಅಂಟಿಸಿದವರು ಆಮೇಲಿನವರು. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಮಂಡಿಪೇಟೆಯ ದೊಡ್ಡ ಹೋಲ್‌ಸೇಲ್ ಅಂಗಡಿಗೆ ನಿಮ್ಮ ಮಾತು ಬೇಕಾಗಿಲ್ಲ. ಅವರಿಗೆ ರೇಟ್ ಬೇಕು, ಕಂಪನಿಯ ರಿಯಾಯಿತಿ ಸ್ಕೀಮ್ ಬೇಕು, ಮಾಲು ಯಾವತ್ತು ಬರುತ್ತದೆ ಅಂತ ಗೊತ್ತಾಗಬೇಕು. ಮೂರು ನಿಮಿಷದ ಕೆಲಸ. ಅಲ್ಲಿ ಅರ್ಧ ಗಂಟೆ ಕೂತರೆ ನಿಮಗೆ ಫ್ಯಾನ್ ಗಾಳಿ ಸಿಗುತ್ತದೆ, ಬಿಲ್ ದೊಡ್ಡದಾಗುವುದಿಲ್ಲ. 12 ನಿಮಿಷ ಕೊಡಬೇಕಾದ್ದು ನಿಮ್ಮ ಮಾತಿನಿಂದ ಬಿಲ್ ಬದಲಾಗುವ ಅಂಗಡಿಗೆ. ಹೊಸದಾಗಿ ಬಡಾವಣೆ ಎದ್ದಿರುವ ಕಡೆಯ ಅಂಗಡಿ. ಮಗ ಬಂದು ಗಲ್ಲಾದಲ್ಲಿ ಕೂತು, ಹೊಸ ಮಾಲು ಇಡಬೇಕು ಅಂತ ಆಸೆ ಇರುವ ಅಂಗಡಿ. ಮೊದಲು ಎಂಟು ಐಟಂ ತಗೊಳ್ತಿದ್ದು ಈಗ ಮೂರಕ್ಕೆ ಇಳಿದಿರುವ ಅಂಗಡಿ. ಈ ಪಟ್ಟಿಯನ್ನು ಕಂಪನಿ ಮಾಡಿಕೊಡುವುದಿಲ್ಲ. ಬೀಟ್‌ನಲ್ಲಿ ತಿರುಗುವ ನಿಮಗೆ ಮಾತ್ರ ಗೊತ್ತು.

ಆ 12 ನಿಮಿಷ ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಒಂದೇ ಅಂಗಡಿಗೆ ಎರಡು ಹೊತ್ತಿನಲ್ಲಿ ಹೋಗೋಣ.

ಸಂಜೆ ಏಳು ಗಂಟೆ. ಕೌಂಟರ್ ಮುಂದೆ ಆರು ಜನ. ಹಾಸ್ಟೆಲ್ ಹುಡುಗರು ಇಬ್ಬರು ನೂಡಲ್ಸ್ ಕೇಳುತ್ತಿದ್ದಾರೆ. ಒಬ್ಬರಿಗೆ ಅರ್ಧ ಕೆಜಿ ರವೆ ಬೇಕು. ಒಂದು ಮಗು ಹತ್ತು ರೂಪಾಯಿ ನೋಟು ಹಿಡಿದು ಯಾವ ಚಾಕೊಲೇಟು ಅಂತ ಇನ್ನೂ ತೀರ್ಮಾನ ಮಾಡಿಲ್ಲ. ರಸ್ತೆಯಲ್ಲಿ ಒಬ್ಬ ಗಾಡಿ ಆಫ್ ಮಾಡದೇ "ಒಂದು ಲೀಟರ್ ಎಣ್ಣೆ" ಅಂತ ಕೂಗುತ್ತಿದ್ದಾನೆ. ಕ್ಯೂಆರ್ ಪಕ್ಕದ ಡಬ್ಬಿ ದುಡ್ಡು ಬಂತು ಅಂತ ಒದರುತ್ತಲೇ ಇದೆ. ಇದರ ಮಧ್ಯೆ ನೀವು ಟ್ಯಾಬ್ ಹಿಡಿದು "ಅಣ್ಣಾ, ಹೊಸ ಸ್ಕೀಮ್ ಬಂದಿದೆ" ಅಂದರೆ ಸಾವ್ಕಾರ್ರು ಏನು ಹೇಳಬೇಕು? "ಹೋದ್ ವಾರದ್ದೇ ಹಾಕು ತಮ್ಮಾ" ಅನ್ನುತ್ತಾರೆ. ಇಲ್ಲಾಂದ್ರೆ "ನಾಳೆ ಬಾ."

ಅದೇ ಅಂಗಡಿ, ಬೆಳಿಗ್ಗೆ ಹನ್ನೊಂದೂವರೆ. ಹಾಲು, ಬ್ರೆಡ್ಡಿನ ಗಿರಾಕಿ ಮುಗಿದಿದೆ. ಮಕ್ಕಳು ಶಾಲೆಗೆ ಹೋಗಿದ್ದಾರೆ. ಸಾವ್ಕಾರ್ರು ಪೇಪರ್ ಮಡಚಿ ಇಟ್ಟು ಬಟ್ಟೆಯಲ್ಲಿ ಕೌಂಟರ್ ಒರೆಸುತ್ತಿದ್ದಾರೆ. ನೀವು ಹೋದ ತಕ್ಷಣ ಮಾತು ಶುರು ಮಾಡಬೇಡಿ. ಮೊದಲ ಎರಡು ನಿಮಿಷ ಸುಮ್ನೆ ರ‍್ಯಾಕ್ ನೋಡಿ. ನಿಮ್ಮ ಸೋಪು ಎಷ್ಟು ಉಳಿದಿದೆ, ಬಿಸ್ಕೆಟ್ ಬಾಕ್ಸ್ ಒಡೆದಿದ್ದಾರೋ ಇಲ್ಲವೋ, ಮುಂದಿನ ಸಾಲಿನಲ್ಲಿ ಯಾರ ಮಾಲು ಇದೆ. ಹಿಂದಿನ ಸಾಲಿಗೆ ಕೈ ಹಾಕಿ ತಾರೀಕು ನೋಡಿ, ಹಳೆಯದನ್ನು ಮುಂದಕ್ಕೆ ತನ್ನಿ. ಧೂಳು ಇದ್ದರೆ ಒರೆಸಿ. ಇದನ್ನು ನೋಡುತ್ತಿರುವ ಸಾವ್ಕಾರ್ರು ತಾವೇ ಕೇಳುತ್ತಾರೆ, "ಆ ಹೊಸ ಸೋಪು ಹೆಂಗೈತಿ, ಹೋಗ್ತೈತಾ?" ಅಂತ. ಈಗ ನಿಮ್ಮ ಮಾತಿಗೆ ಕಿವಿ ಇದೆ. "ಹೋದ ಸಲ ಎರಡು ಡಜನ್ ತಗೊಂಡಿದ್ರಿ, ನಾಲ್ಕು ಪೀಸ್ ಉಳಿದಿದೆ, ಈ ಸಲ ಮೂರು ಡಜನ್ ಹಾಕ್ಲಾ?" ಅಂತ ಎಣಿಕೆ ಹಿಡಿದು ಕೇಳಿ. ನಡುವೆ ಗಿರಾಕಿ ಬಂದರೆ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯಿರಿ. ಸಾಧ್ಯವಾದರೆ ಆ ಗಿರಾಕಿಗೆ ಬೇಕಾದ್ದನ್ನು ನೀವೇ ರ‍್ಯಾಕ್‌ನಿಂದ ತೆಗೆದುಕೊಡಿ. ಕೊನೆಗೆ ಆರ್ಡರ್ ಒಂದು ಸಲ ಓದಿ ಹೇಳಿ. ಈ ಅರ್ಧ ನಿಮಿಷ ಉಳಿಸಲು ಹೋದವರು ಮಾರನೇ ದಿನ "ನಾನು ಹೇಳಿದ್ದೇ ಬೇರೆ, ನೀನು ಕಳಿಸಿದ್ದೇ ಬೇರೆ" ಅನ್ನುವ ಜಗಳಕ್ಕೆ ಅರ್ಧ ಗಂಟೆ ಕೊಡುತ್ತಾರೆ. ವಾಪಸ್ ಬಂದ ಮಾಲಿನ ಗಾಡಿ ಬಾಡಿಗೆ ಬೇರೆ.

ಸರಿ, ಎಲ್ಲ ಅಂಗಡಿಗೂ ಹನ್ನೊಂದೂವರೆಗೇ ಹೋಗಲಾಗುವುದಿಲ್ಲ. ಹಾಗಾದರೆ ಯಾವುದು ಮೊದಲು, ಯಾವುದು ಆಮೇಲೆ?

ಇಲ್ಲೊಂದು ಸ್ವಾರಸ್ಯದ ವಿಷಯ ಹೇಳಿಬಿಡುತ್ತೇನೆ. ನಮ್ಮ ಈ ಬೀಟ್ ಸಮಸ್ಯೆ ಗಣಿತದಲ್ಲಿ ದೊಡ್ಡ ಹೆಸರು ಮಾಡಿದೆ. ಅದರ ಹೆಸರೇ ಸೇಲ್ಸ್‌ಮನ್ ಸಮಸ್ಯೆ, ಊರೂರು ತಿರುಗುವ ಮಾರಾಟಗಾರನ ಸಮಸ್ಯೆ. 1832ರಲ್ಲೇ ಜರ್ಮನಿಯಲ್ಲಿ ಊರೂರು ತಿರುಗುವ ಮಾರಾಟಗಾರರಿಗಾಗಿ ಒಂದು ಕೈಪಿಡಿ ಬಂತು. ಒಂದೇ ಊರಿಗೆ ಎರಡು ಸಲ ಹೋಗದ ಹಾಗೆ ದಾರಿ ಹಾಕಿಕೊಂಡರೆ ಎಷ್ಟು ಸಮಯ ಉಳಿಯುತ್ತದೆ ನೋಡಿ ಅಂತ ಅದರಲ್ಲಿ ಬರೆದಿದ್ದಾರೆ. ಕೇಳಲು ಸುಲಭ. ಬರೀ 10 ಅಂಗಡಿ ಇದ್ದರೂ ಅವನ್ನು ಒಂದರ ಹಿಂದೆ ಒಂದು ಜೋಡಿಸುವ ರೀತಿಗಳು 36,28,800. 1954ರಲ್ಲಿ ಅಮೆರಿಕದ ಡಾಂಟ್ಸಿಗ್, ಫುಲ್ಕರ್ಸನ್, ಜಾನ್ಸನ್ ಅನ್ನುವ ಮೂವರು 49 ಊರುಗಳಿಗೆ ಅತಿ ಹತ್ತಿರದ ದಾರಿ ಲೆಕ್ಕ ಹಾಕಿ ತೋರಿಸಿದಾಗ ಅದೊಂದು ದೊಡ್ಡ ಸಾಧನೆ ಅನ್ನಿಸಿಕೊಂಡಿತು. ನೀವು ದಿನಾ 40 ಅಂಗಡಿಯ ದಾರಿ ಹಾಕುತ್ತೀರಿ, ನಿಮಗೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ!

ಆದರೆ ಹತ್ತಿರದ ದಾರಿಯೇ ಒಳ್ಳೆಯ ದಾರಿ ಅಂತ ನಂಬಿದರೆ ಕೆಟ್ಟಿರಿ. ಮ್ಯಾಪ್ ನೋಡಿ ಸಾಲಾಗಿ ಹೋದರೆ ಪೆಟ್ರೋಲ್ ಉಳಿಯುತ್ತದೆ, ಆರ್ಡರ್ ಉಳಿಯುವುದಿಲ್ಲ. ಶಾಲೆಯ ಎದುರಿನ ಅಂಗಡಿಗೆ ಶಾಲೆ ಶುರುವಾಗುವಾಗ, ಬಿಡುವಾಗ ಹೋಗಲೇಬಾರದು. ಬೇಕರಿಗೆ ಬೆಳಿಗ್ಗೆ ಹೋಗಬಾರದು. ಮೆಡಿಕಲ್ ಸ್ಟೋರಿಗೆ ಪಕ್ಕದ ಡಾಕ್ಟರು ಬರುವ ಮೊದಲು ಹೋಗಬೇಕು, ಅವರು ಬಂದ ಮೇಲೆ ಅಲ್ಲಿ ಚೀಟಿ ಹಿಡಿದವರ ಸಾಲು. ರಂಜಾನ್ ತಿಂಗಳಿನಲ್ಲಿ ಮುಸ್ಲಿಂ ಬಡಾವಣೆಗಳ ದಿನಚರಿಯೇ ಬದಲಾಗುತ್ತದೆ. ಇಫ್ತಾರ್ ಹೊತ್ತಿಗೆ ಹೋಗಿ ಬಿಲ್ ಬುಕ್ ತೆಗೆದರೆ ಅವರು ಬೈಯುವುದಿಲ್ಲ, ಆದರೆ ನೆನಪಿಟ್ಟುಕೊಳ್ಳುತ್ತಾರೆ.

ಇನ್ನು ಮಧ್ಯಾಹ್ನ ಒಂದೂವರೆಯಿಂದ ನಾಲ್ಕು. ಕಿರಾಣಿ ಅಂಗಡಿ ಮುಚ್ಚಿದೆ ಅಂತ ಮರದ ಕೆಳಗೆ ಗಾಡಿ ನಿಲ್ಲಿಸಿ ರೀಲ್ಸ್ ನೋಡುವ ಹೊತ್ತು ಅದು. ನೋಡಿ, ಬೇಡ ಅನ್ನುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದರೂ ಒಳ್ಳೆಯದೇ, ದಿನವಿಡೀ ಎರಡು ಚಕ್ರದ ಮೇಲೆ ಇರುವವರು ನೀವು. ಆದರೆ ಆ ಹೊತ್ತಿನಲ್ಲಿ ಪಾನ್ ಅಂಗಡಿ ತೆಗೆದಿರುತ್ತದೆ. ಬೇಕರಿ ಖಾಲಿ ಇರುತ್ತದೆ. ಹೈವೇ ಢಾಬಾದಲ್ಲಿ ಊಟದ ಗಲಾಟೆ ಮುಗಿದಿರುತ್ತದೆ. ಕಾಲೇಜುಗಳ ಊರು ಇದು, ಹಾಸ್ಟೆಲ್ ಕ್ಯಾಂಟೀನಿನವರು ಮೂರು ಗಂಟೆಗೆ ಮಾತಿಗೆ ಸಿಗುತ್ತಾರೆ. ಇವನ್ನೆಲ್ಲ ಬೆಳಗಿನ ಬೀಟ್‌ನಿಂದ ಎತ್ತಿ ಮಧ್ಯಾಹ್ನಕ್ಕೆ ಹಾಕಿದರೆ, ನಾನು ಹೇಳಿದ 330 ನಿಮಿಷದ ಲೆಕ್ಕಕ್ಕೇ ಹೊಸದಾಗಿ ಒಂದು ಗಂಟೆ ಸೇರಿಕೊಂಡಿತು.

ತಾಲೂಕಿನ ಕಡೆ ಹೋಗುವವರಿಗೆ ಇನ್ನೊಂದು ಗಡಿಯಾರ ಇದೆ, ಸಂತೆ. ಸಂತೆಯ ದಿನ ಸಂತೆಯ ಊರಿಗೆ ಆರ್ಡರ್ ಬರೆಯಲು ಹೋಗುವುದು ವ್ಯರ್ಥ. ಆ ದಿನ ಅಂಗಡಿಯವರು ಮಾರುವ ಗಡಿಬಿಡಿಯಲ್ಲಿ ಇರುತ್ತಾರೆ, ಕೊಳ್ಳುವ ಯೋಚನೆಯಲ್ಲಿ ಇರುವುದಿಲ್ಲ. ಸಂತೆಗೆ ಎರಡು ದಿನ ಮುಂಚೆ ಆರ್ಡರ್, ಹಿಂದಿನ ದಿನ ಮಾಲು, ಸಂತೆ ಮುಗಿದ ಮಾರನೇ ಬೆಳಿಗ್ಗೆ ದುಡ್ಡು. ಹೀಗೆ ಹೊಂದಿಸಿಕೊಂಡರೆ ಮೂರೂ ಕೆಲಸ ಸಲೀಸು. ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ವಹಿವಾಟು. ಸೀಜನ್‌ನಲ್ಲಿ ಆ ಎರಡು ದಿನ ಊರಿನ ತುಂಬಾ ಗಾಡಿ, ಚೀಲ, ರೈತರು. ಹೋಟೆಲಿನವರೂ ಕಿರಾಣಿಯವರೂ ತಲೆ ಎತ್ತುವುದಿಲ್ಲ. ಆ ಊರಿನ ಬೀಟ್ ಮಂಗಳವಾರವೋ ಶುಕ್ರವಾರವೋ ಇದ್ದರೆ ಜೇಬಿನಲ್ಲಿ ದುಡ್ಡೂ ಇರುತ್ತದೆ, ಮಾತಿಗೆ ಪುರಸೊತ್ತೂ ಇರುತ್ತದೆ. ನಮ್ಮ ಜಿಲ್ಲೆಯಲ್ಲೇ ಹರಿಹರ, ಹೊನ್ನಾಳಿ ಕಡೆ ಭತ್ತದ ದುಡ್ಡು ಓಡಾಡುವ ಕಾಲ ಬೇರೆ, ಚನ್ನಗಿರಿಯಲ್ಲಿ ಅಡಿಕೆ ದುಡ್ಡಿನ ಕಾಲ ಬೇರೆ, ಜಗಳೂರಿನ ಮೆಕ್ಕೆಜೋಳದ ಕಾಲ ಬೇರೆ. ಹಳ್ಳಿ ಅಂಗಡಿಯವರ ಉದ್ರಿ ಪುಸ್ತಕ ಖಾಲಿಯಾಗುವುದು ಆ ಬೆಳೆ ಕೈಗೆ ಬಂದಾಗಲೇ. ನಿಮ್ಮ ಬಾಕಿ ಬರುವುದೂ ಆಗಲೇ. ಬೆಂಗಳೂರಿನಲ್ಲಿ ಕೂತು ಟಾರ್ಗೆಟ್ ಹಾಕುವವರಿಗೆ ಇದು ಕಾಣಿಸುವುದಿಲ್ಲ. ನಿಮಗೆ ಕಾಣಿಸಬೇಕು.

ಈಗ ಸ್ವಲ್ಪ ನಗಬಹುದಾದ ವಿಷಯ, ಆದರೆ ನಗಬೇಡಿ. ರಾಹುಕಾಲ. ನೀವು ನಂಬುತ್ತೀರೋ ಬಿಡುತ್ತೀರೋ ಅದು ನಿಮ್ಮ ಮನೆಯ ವಿಚಾರ. ಅಂಗಡಿಯವರು ನಂಬಿದರೆ ಅದು ನಿಮ್ಮ ಟೈಂಟೇಬಲ್ಲಿನ ವಿಚಾರ. ಬುಧವಾರ 12ರಿಂದ ಒಂದೂವರೆ, ಶುಕ್ರವಾರ ಹತ್ತೂವರೆಯಿಂದ 12. ಎರಡೂ ನಮ್ಮ ಒಳ್ಳೆಯ ಹೊತ್ತಿನ ನಡುವೆಯೇ ಬಂದು ಕೂತಿವೆ. ಮಾಮೂಲು ಆರ್ಡರಿಗೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಸ ಅಂಗಡಿಯ ಮೊದಲ ಬಿಲ್, ಹೊಸ ಐಟಂನ ಮೊದಲ ಬಾಕ್ಸ್, ಇವನ್ನು ಆ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಆಗ ಡ್ಯಾಮೇಜ್ ಎಣಿಸಿ, ಎಕ್ಸ್‌ಪೈರಿ ಮಾಲಿನ ಪಟ್ಟಿ ಮಾಡಿ, ರ‍್ಯಾಕ್ ಸರಿ ಮಾಡಿ. ಹಾಗೆಯೇ ಮಂಗಳವಾರ, ಶುಕ್ರವಾರ ದೀಪ ಹಚ್ಚಿದ ಮೇಲೆ ಗಲ್ಲಾದಿಂದ ದುಡ್ಡು ಕೊಡದವರು ಬಹಳ ಜನ. "ಫೋನ್‌ಪೇ ಮಾಡಿದರೆ ಲಕ್ಷ್ಮಿ ಹೋದ ಹಾಗಲ್ಲ ಬಿಡಿ ಅಣ್ಣಾ" ಅಂತ ವಾದ ಮಾಡುವ ಹುಡುಗರನ್ನು ನಾನು ನೋಡಿದ್ದೇನೆ. ವಾದದಲ್ಲಿ ಗೆದ್ದರೂ ದುಡ್ಡು ಬಂದಿಲ್ಲ. ಆ ಎರಡು ದಿನ ಕಲೆಕ್ಷನ್ ಬೆಳಿಗ್ಗೆಯೇ ಮುಗಿಸಿ.

"ನಾಳೆ ಬಾ" ಅಂತ ಆಗ ಹೇಳಿದೆ. ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು, ಒಂದು ಕಾಲದಲ್ಲಿ ಮನೆ ಮನೆಯ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿರುತ್ತಿದ್ದರು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗಲಿ ಅಂತ. ಮಾರನೇ ದಿನ ಬಂದರೂ ಅದೇ ಬರಹ. ನಮ್ಮ ಹುಡುಗರನ್ನು ಕೆಲವು ಅಂಗಡಿಯವರು ಅದೇ ದೆವ್ವದ ಹಾಗೆ ನಡೆಸಿಕೊಳ್ಳುತ್ತಾರೆ, ನಾವೂ ಅದರ ಹಾಗೆಯೇ ವಾಪಸ್ ಬರುತ್ತೇವೆ.

ನಾಳೆ ಬಾ ಅಂದ ತಕ್ಷಣ ಕೇಳಬೇಕಾದ ಪ್ರಶ್ನೆ ಒಂದೇ: "ಎಷ್ಟೊತ್ತಿಗೆ ಬರ್ಲಿ ಸಾವ್ಕಾರ್ರೇ?" ನಿಜವಾಗಿ ಈಗ ಪುರಸೊತ್ತು ಇಲ್ಲದವರು "ಹನ್ನೊಂದಕ್ಕೆ ಬಾ" ಅನ್ನುತ್ತಾರೆ. ಅದನ್ನು ಅವರ ಎದುರೇ ಬರೆದುಕೊಳ್ಳಿ, ಹನ್ನೊಂದಕ್ಕೆ ಹೋಗಿ, ಹನ್ನೊಂದೂಕಾಲಕ್ಕೆ ಅಲ್ಲ. "ನೋಡಣ ಬಾ" ಅಂದರೆ ಗಲ್ಲಾದಲ್ಲಿ ದುಡ್ಡಿಲ್ಲ. ಹಳೇ ಬಿಲ್ ಬಾಕಿ ಇದೆ, ಹೊಸ ಆರ್ಡರ್ ಹೇಳಲು ಮುಖ ಇಲ್ಲ. ಅಂಥವರಿಗೆ ಪೂರ್ತಿ ದುಡ್ಡು ಕೇಳಬೇಡಿ, ಅರ್ಧ ಕೇಳಿ, ಸಣ್ಣ ಆರ್ಡರ್ ಬರೆಯಿರಿ. ಇನ್ನು ಕೆಲವರಿಗೆ ನಿಮ್ಮ ಮಾಲೇ ಬೇಡ, ನೇರವಾಗಿ ಹೇಳಲು ಸಂಕೋಚ. ಬೇಡ ಅನ್ನುವುದನ್ನೂ ಸೌಜನ್ಯದಿಂದ ಹೇಳುವ ಜನ ನಮ್ಮವರು. ಸತತವಾಗಿ ನಾಳೆ ಬಾ ಕೇಳಿಸಿಕೊಂಡು ಬರುತ್ತಿರುವ ಅಂಗಡಿಗೆ ವಾರ ವಾರ ಹೋಗುವುದು ಬಿಟ್ಟು ತಿಂಗಳಿಗೊಮ್ಮೆ ಹೋಗಿ. ಆ ನಿಮಿಷಗಳನ್ನು ಬೇರೆಯವರಿಗೆ ಕೊಡಿ.

ಬಾಕಿ ವಸೂಲಿಯ ಸಮಯದ ಬೆಲೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. 2,000 ರೂಪಾಯಿಯ ಬಿಲ್. ವಿತರಕರಿಗೆ ಐದು ಪರ್ಸೆಂಟ್ ಸಿಗುತ್ತದೆ ಅಂತ ಇಟ್ಟುಕೊಂಡರೆ 100 ರೂಪಾಯಿ. ಆ ದುಡ್ಡಿಗಾಗಿ ನೀವು ಊರ ಆ ತುದಿಗೆ ಮೂರು ಸಲ ಹೋದರೆ ಪೆಟ್ರೋಲ್‌ನಲ್ಲೇ ಅದು ಕರಗಿತು. ನಿಮ್ಮ ಒಂದು ಗಂಟೆ ಲೆಕ್ಕಕ್ಕೇ ಬರಲಿಲ್ಲ. ಅದಕ್ಕೇ ಹಳಬರು ಬಿಲ್ ಟು ಬಿಲ್ ಅನ್ನುತ್ತಾರೆ. ಹಳೇ ಬಿಲ್ಲಿನ ದುಡ್ಡು ಬಂದರೆ ಹೊಸ ಬಿಲ್. ಮಾಲು ಇಳಿಸಲು ಹೋಗುವ ಹುಡುಗನ ಕೈಯಲ್ಲೇ ವಸೂಲಿ ಪಟ್ಟಿ ಇದ್ದರೆ ನೀವು ಅದಕ್ಕಾಗಿ ಬೇರೆ ಸುತ್ತು ಹಾಕಬೇಕಾಗಿಲ್ಲ. ಇದು ಸೇಲ್ಸ್‌ಮನ್ ಒಬ್ಬನೇ ಮಾಡುವ ಕೆಲಸ ಅಲ್ಲ. ಮುಂದಿನ ಸಾಲಿನಲ್ಲಿ ಕೂತಿರುವ ವಿತರಕರು ಇದನ್ನು ದಯವಿಟ್ಟು ಕೇಳಿಸಿಕೊಳ್ಳಬೇಕು.

ಸಿದ್ಧತೆಯ ಬಗ್ಗೆ ಒಂದು ಉದಾಹರಣೆ ಸಾಕು. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕೆಟ್ ಮೇಲಿನ ಜಿಎಸ್‌ಟಿ 18 ಪರ್ಸೆಂಟ್‌ನಿಂದ 5ಕ್ಕೆ ಇಳಿಯಿತು. ನಿಮಗೆ ನೆನಪಿದೆ, ಎಂಥಾ ಗೊಂದಲ! ಅಂಗಡಿಯಲ್ಲಿ ಹಳೇ ಎಂಆರ್‌ಪಿ ಮಾಲು, ಗಾಡಿಯಲ್ಲಿ ಹೊಸ ಎಂಆರ್‌ಪಿ ಮಾಲು. ಐದು ರೂಪಾಯಿಯ ಕೆಲವು ಬಿಸ್ಕೆಟ್ ಪ್ಯಾಕೆಟ್ ನಾಲ್ಕೂವರೆಗಿಂತ ಕೆಳಗೆ ಬಂತು, ಚಿಲ್ಲರೆ ಎಲ್ಲಿಂದ ತರೋದು ಅಂತ ಅಂಗಡಿಯವರು ನಮ್ಮನ್ನೇ ಹಿಡಿದುಕೊಂಡರು. ಅದೇ ಪ್ರಶ್ನೆ, ಅದೇ ಉತ್ತರ, ಪ್ರತಿ ಅಂಗಡಿಯಲ್ಲೂ ಹತ್ತು ನಿಮಿಷ. ಬೀಟ್ ಅರ್ಧಕ್ಕೆ ನಿಲ್ಲುತ್ತಿತ್ತು. ನನಗೆ ಗೊತ್ತಿರುವ ಒಬ್ಬ ಹುಡುಗ ಹಿಂದಿನ ರಾತ್ರಿ ಕೂತು ತನ್ನ ಐಟಂಗಳ ಹಳೇ ಬೆಲೆ, ಹೊಸ ಬೆಲೆ, ಹಳೇ ಮಾಲಿಗೆ ಕಂಪನಿ ಏನು ಕೊಡುತ್ತದೆ ಅನ್ನುವುದನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿದ. ಹೋದ ಕಡೆಯೆಲ್ಲ ಒಂದೊಂದು ಕೊಟ್ಟ. ಅಂಗಡಿಯವರು ಅದನ್ನು ಗೋಡೆಗೆ ಅಂಟಿಸಿಕೊಂಡು ಗಿರಾಕಿಗಳಿಗೂ ತೋರಿಸಿದರು. ಉಳಿದ ಕಂಪನಿಯ ಹುಡುಗರು ಬಂದಾಗ, "ಆ ಹುಡುಗನ ಹಂಗೆ ಬರ್ಕೊಂಡು ಬಾ" ಅಂದರಂತೆ. ದಿನಾ ಎಲ್ಲ ಅಂಗಡಿಯಲ್ಲೂ ಕೇಳುವ ಪ್ರಶ್ನೆ ಯಾವುದು ಅಂತ ಗಮನಿಸಿ. ಅದಕ್ಕೆ ರಾತ್ರಿಯೇ ಉತ್ತರ ಬರೆದುಕೊಳ್ಳಿ.

ಈಗ ತಿಂಗಳ ಕೊನೆ. ಇದನ್ನು ಮಾತಾಡದೇ ಹೋದರೆ ನೀವು ನನ್ನನ್ನು ಬಿಡುವುದಿಲ್ಲ.

ಒಂದನೇ ತಾರೀಕಿನಿಂದ ಹತ್ತರವರೆಗೆ ನಮ್ಮಲ್ಲಿ ಹಬ್ಬದ ರಜೆಯ ವಾತಾವರಣ. ಹೋದ ತಿಂಗಳ ಸುಸ್ತು, ಕ್ಲೇಮು, ವಾಪಸ್ ಬಂದ ಮಾಲು, ಹೊಸ ಟಾರ್ಗೆಟ್ ಇನ್ನೂ ಬಂದಿಲ್ಲ ಅನ್ನುವ ನೆಪ. ಇಪ್ಪತ್ತರ ನಂತರ ಚುರುಕು. ಇಪ್ಪತ್ತೈದರ ನಂತರ ರಾತ್ರಿ ಹತ್ತಕ್ಕೂ ಫೋನು, "ಅಣ್ಣಾ, ಹತ್ತು ಬಾಕ್ಸ್ ಹಾಕ್ತೀನಿ, ಆಮೇಲೆ ನೋಡ್ಕಳಣ." ಹೋಲ್‌ಸೇಲ್‌ನವರ ಮೇಲೆ ಮಾಲು ಸುರಿಯುತ್ತೇವೆ. ಅವರು ಅದನ್ನು ರೇಟು ಒಡೆದು ನಮ್ಮದೇ ಬೀಟ್‌ನ ಸಣ್ಣ ಅಂಗಡಿಗಳಿಗೆ ಮಾರುತ್ತಾರೆ. ಮುಂದಿನ ತಿಂಗಳ ಮೊದಲ ವಾರ ಆ ಸಣ್ಣ ಅಂಗಡಿಗೆ ಹೋದರೆ, ಮಾಲು ತುಂಬಿದೆ, ಅದೂ ನಾವು ಕೊಡುವುದಕ್ಕಿಂತ ಕಮ್ಮಿ ರೇಟಿನಲ್ಲಿ! ಮೊದಲ ಹತ್ತು ದಿನ ಮಾರ್ಕೆಟ್ ಸತ್ತಿದೆ ಅನ್ನುತ್ತೇವಲ್ಲ, ಅದನ್ನು ಕೊಂದವರು ನಾವೇ.

ಕಂಪನಿಗಳ ಪಾಲೂ ಇದೆ, ಹೇಳಿಬಿಡುತ್ತೇನೆ. ಒಳ್ಳೆಯ ಸ್ಕೀಮ್ 27ಕ್ಕೋ 28ಕ್ಕೋ ಬರುತ್ತದೆ ಅಂತ ಅಂಗಡಿಯವರಿಗೆ ಗೊತ್ತಾಗಿದೆ. ಅವರೂ ನಮ್ಮ ಕ್ಯಾಲೆಂಡರ್ ಓದಿ ಕಾಯುತ್ತಾ ಕೂರುತ್ತಾರೆ. ನಿಮ್ಮ ಕೈಯಲ್ಲಿ ಸ್ಕೀಮ್ ಇಲ್ಲ, ಆದರೆ ಮೊದಲ ಹತ್ತು ದಿನ ಇದೆ. ಆಗ ಫೋನುಗಳು ಕಮ್ಮಿ, ಒತ್ತಡ ಕಮ್ಮಿ. ಹೊಸ ಅಂಗಡಿ ತೆರೆಯುವುದು, ಹೊಸ ಐಟಂ ಇಡಿಸುವುದು, 12 ನಿಮಿಷದ ಅಂಗಡಿಗಳ ಜೊತೆ ಕೂತು ಮಾತಾಡುವುದು, ಎಲ್ಲ ಆಗಲೇ ಮಾಡಿ. ಟಾರ್ಗೆಟ್‌ನ ಮೂರನೇ ಒಂದು ಭಾಗ ಹತ್ತನೇ ತಾರೀಕಿಗೆ ಕೈಯಲ್ಲಿದ್ದರೆ 28ನೇ ತಾರೀಕು ರಾತ್ರಿ ನೀವು ಮನೆಯಲ್ಲಿ ಊಟ ಮಾಡುತ್ತಿರುತ್ತೀರಿ.

ಆ್ಯಪ್‌ಗಳ ವಿಷಯಕ್ಕೆ ಜಾಸ್ತಿ ಹೊತ್ತು ಕೊಡುವುದಿಲ್ಲ. ಉಡಾನ್ ಇದೆ, ಹಿಂದೂಸ್ತಾನ್ ಯೂನಿಲಿವರ್‌ನ ಶಿಖರ್ ಇದೆ. ಅಂಗಡಿಯವರು ರಾತ್ರಿ ಹನ್ನೊಂದಕ್ಕೆ ಮಲಗಿಕೊಂಡೇ ಆರ್ಡರ್ ಹಾಕುತ್ತಾರೆ, ನಮ್ಮ ಕೆಲಸ ಹೋಯಿತು ಅಂತ ಕೆಲವರಿಗೆ ಭಯ. ಮಾಮೂಲು ಆರ್ಡರ್ ಅದರಲ್ಲಿ ಹೋಗಲಿ ಬಿಡಿ. ನೀವೇ ಅವರ ಫೋನಿನಲ್ಲಿ ಹಾಕಿಕೊಟ್ಟು ಕಲಿಸಿ. ಡ್ಯಾಮೇಜ್ ಬದಲಾಯಿಸುವುದು, ಬಿಲ್ಲಿನ ತಕರಾರು ಬಿಡಿಸುವುದು, ರ‍್ಯಾಕ್‌ನಲ್ಲಿ ಹಿಂದೆ ಹೋದ ಮಾಲನ್ನು ಮುಂದೆ ತರುವುದು ಯಾವ ಆ್ಯಪ್‌ಗೂ ಬರುವುದಿಲ್ಲ. 3 ನಿಮಿಷದ ಅಂಗಡಿಗಳು ಆ್ಯಪ್‌ಗೆ ಹೋದರೆ ನಿಮ್ಮ 12 ನಿಮಿಷದ ಅಂಗಡಿಗಳ ಸಂಖ್ಯೆ ಹತ್ತರಿಂದ ಹದಿಮೂರಾಗುತ್ತದೆ.

ವಾಟ್ಸಾಪ್ ಗ್ರೂಪಿನ ಬಗ್ಗೆ ಹೇಳದಿದ್ದರೆ ಹೇಗೆ? ಬೆಳಿಗ್ಗೆ ಗುಡ್ ಮಾರ್ನಿಂಗ್ ಟೀಮ್, ಹೂವಿನ ಚಿತ್ರ. ಹನ್ನೊಂದಕ್ಕೆ "ಎಲ್ಲರೂ ಎಷ್ಟು ಬಿಲ್ ಆಯಿತು ಕಳಿಸಿ." ಹನ್ನೆರಡಕ್ಕೆ "ಡಿಸ್ಪ್ಲೇ ಫೋಟೋ ಕಳಿಸಿ." ಅಂಗಡಿಯವರು ಮಾತಾಡುತ್ತಿರುವಾಗ ನೀವು ಫೋನ್ ನೋಡಿದರೆ ಅವರೂ ತಮ್ಮ ಫೋನ್ ತೆಗೆಯುತ್ತಾರೆ. ಆರ್ಡರ್ ಅಲ್ಲಿಗೆ ಮುಗಿಯಿತು. ಬೀಟ್‌ನಲ್ಲಿ ಇರುವಾಗ ಗ್ರೂಪ್ ಮ್ಯೂಟ್ ಮಾಡಿ. ಒಂದೂವರೆಗೆ ಒಂದು ಸಲ, ಆರಕ್ಕೆ ಒಂದು ಸಲ ನೋಡಿದರೆ ಪ್ರಪಂಚ ಮುಳುಗುವುದಿಲ್ಲ.

ಇಷ್ಟು ಸಾಕು. ಪ್ರಶ್ನೆ ಕೇಳಿ.

*ಹರಿಹರದ ಕಡೆಯ ಒಬ್ಬ ಹುಡುಗ: ಸರ್, ನನ್ನ ಬೀಟ್‌ನ ಕೊನೆಯ ಅಂಗಡಿಗಳಲ್ಲಿ ಯಾವಾಗಲೂ ಬಿಲ್ ಆಗಲ್ಲ. ಏನು ಮಾಡಬೇಕು?*

ಆ ಅಂಗಡಿಗಳು ಯಾವಾಗಲೂ ಕೊನೆಯಲ್ಲೇ ಯಾಕಿವೆ? ಒಂದು ವಾರ ಬೀಟ್ ತಿರುಗಿಸಿ, ಆ ತುದಿಯಿಂದ ಶುರು ಮಾಡು ತಮ್ಮಾ. ಅವರು ಇಲ್ಲಿಯವರೆಗೆ ನೋಡಿರುವುದು ಸುಸ್ತಾದ ನಿನ್ನ ಮುಖ ಮಾತ್ರ. ಅಂಗಿಯ ಇಸ್ತ್ರಿ ಇನ್ನೂ ಇರುವಾಗ ಹೋಗಿ ನೋಡು. ಆಗಲೂ ಆಗದಿದ್ದರೆ ಅಂಗಡಿಯ ತೊಂದರೆ ಅಂತ ತಿಳಿಯುತ್ತದೆ, ಹೊತ್ತಿನ ತೊಂದರೆ ಅಲ್ಲ ಅಂತ.

*ಇನ್ನೊಬ್ಬರು: ಭಾನುವಾರವೂ ಕೆಲಸ ಮಾಡಿದರೆ ಟಾರ್ಗೆಟ್ ಬೇಗ ಆಗಲ್ವಾ?*

ಭಾನುವಾರ ಅಂಗಡಿಯವರಿಗೆ ಗಿರಾಕಿ ಜಾಸ್ತಿ, ನಿಮ್ಮ ಮಾತಿಗೆ ಪುರಸೊತ್ತು ಕಮ್ಮಿ. ಮನೆಯಲ್ಲಿ ಇರಿ.

*ಹಿಂದೆ ಕೂತಿದ್ದ ಒಬ್ಬ ಏರಿಯಾ ಮ್ಯಾನೇಜರ್: ನಾನು ದಿನಾ 11 ಗಂಟೆಗೆ ಕಾನ್ಫರೆನ್ಸ್ ಕಾಲ್ ಇಡುತ್ತೇನೆ. ಅದನ್ನು ನೀವು ಬೇಡ ಅನ್ನುತ್ತಿದ್ದೀರಿ ಅಂತ ಅರ್ಥ ಆಯಿತು. ಹಾಗಾದರೆ ಯಾವಾಗ ಇಡಬೇಕು?*

ಎರಡೂವರೆಗೆ ಇಡಿ, ಹದಿನೈದು ನಿಮಿಷ. ಎಷ್ಟು ಬಿಲ್ ಆಯಿತು ಅಂತ ಕೇಳಬೇಡಿ, ಅದು ನಿಮ್ಮ ಟ್ಯಾಬ್‌ನಲ್ಲೇ ಕಾಣಿಸುತ್ತದೆ. ಯಾವ ಅಂಗಡಿಯಲ್ಲಿ ಯಾವ ತಕರಾರು ನಿಂತಿದೆ ಅಂತ ಮಾತ್ರ ಕೇಳಿ. ಒಬ್ಬರಿಗೆ ಮಾಲನ್ನು ಎದ್ದು ಕಾಣುವ ಹಾಗೆ ಇಟ್ಟಿದ್ದಕ್ಕೆ ಕೊಡುವ ಡಿಸ್ಪ್ಲೇ ದುಡ್ಡು ಬಂದಿರುವುದಿಲ್ಲ, ಇನ್ನೊಬ್ಬರ ಎಕ್ಸ್‌ಪೈರಿ ಮಾಲು ಎತ್ತಿರುವುದಿಲ್ಲ. ಅವನ್ನು ಬಗೆಹರಿಸುವ ಅಧಿಕಾರ ಈ ಹುಡುಗರಿಗಿಲ್ಲ, ನಿಮಗಿದೆ. ಸಂಜೆಯೊಳಗೆ ನೀವು ಆ ಅಂಗಡಿಯವರಿಗೇ ಒಂದು ಫೋನ್ ಮಾಡಿ "ಆಯಿತು" ಅಂತ ಹೇಳಿ. ನಾಳೆ ನಿಮ್ಮ ಹುಡುಗ ಅಲ್ಲಿಗೆ ಹೋದಾಗ ಬೈಗುಳ ಕೇಳುವ ಹತ್ತು ನಿಮಿಷದಲ್ಲಿ ಆರ್ಡರ್ ಬರೆಯುತ್ತಾನೆ.